ಜನವರಿ 26: ಒಂದೇ ದಿನಾಂಕದ ಹಲವು ನೆನಪುಗಳು

ಜನವರಿ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ ನಮ್ಮ ಮನೆಗಳ ಮಕ್ಕಳು ಯಾರೂ ಎಬ್ಬಿಸದೆಯೇ ನಸುಕಿನಲ್ಲಿ ಏಳುತ್ತಾರೆ. ಮಿಂದು, ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಎದೆಗೊಂದು ಪುಟ್ಟ ಧ್ವಜ ಸಿಕ್ಕಿಸಿಕೊಂಡು ಶಾಲೆಗೆ ಧಾವಿಸುತ್ತಾರೆ. ಮರಳುವಾಗ ಕೈಯಲ್ಲಿ ಒಂದು ಪೇಡೆಯೋ ನಾಲ್ಕು ಪೆಪ್ಪರ್‌ಮಿಂಟೋ ಇರುತ್ತದೆ. ನಮ್ಮ ಉತ್ತರದ ಸೀಮೆಯ ಹಳ್ಳಿಗಳಲ್ಲಿ ಇದು ಇಂದಿಗೂ 'ಝೇಂಡಾ ಹಾರಿಸುವ ದಿನ'. ಆಗಸ್ಟ್ 15ಕ್ಕೂ ಅದೇ ಹೆಸರು! ಸ್ವಾತಂತ್ರ್ಯ ಬಂದುದು ಆಗಸ್ಟ್‌ನಲ್ಲಾದರೆ ಜನವರಿಯಲ್ಲಿ ಮತ್ತೊಮ್ಮೆ ಝೇಂಡಾ ಏಕೆ ಎಂದು ಮಗು ಕೇಳಿದರೆ, 'ಅಂದು ಸಂವಿಧಾನ ಜಾರಿಗೆ ಬಂತು' ಎಂದು ಹಿರಿಯರು ಹೇಳಿಯಾರು. ಆದರೆ ವರ್ಷದ 365 ದಿನಗಳಲ್ಲಿ ಈ ದಿನವನ್ನೇ ಏಕೆ ಆರಿಸಿದರು ಎಂದು ಮಗು ಮುಂದುವರಿದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸುತ್ತೇವೆ. ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟಾಗ ಇದೇ ದಿನಾಂಕದಂದು ನಡೆದ ಇನ್ನೂ ಕೆಲವು ಸಂಗತಿಗಳು ನಮ್ಮ ಕಣ್ಣಿಗೆ ಬಿದ್ದವು. ಅವುಗಳಲ್ಲಿ ಒಂದು ನಮ್ಮ ಕಿತ್ತೂರು ನಾಡಿಗೆ ಸೇರಿದ್ದು. ಅದನ್ನು ಓದುಗರ ಮುಂದಿಡಬೇಕೆಂಬ ಹಂಬಲದಿಂದಲೇ ಈ ಲೇಖನ.

ಮೊದಲು ಮಗುವಿನ ಪ್ರಶ್ನೆಗೆ ಉತ್ತರ ಹೇಳೋಣ. ನಮ್ಮ ಸಂವಿಧಾನ ಅಂಗೀಕಾರವಾದುದು 1949ರ ನವೆಂಬರ್ 26ರಂದು. ಪೌರತ್ವ, ಚುನಾವಣೆ ಮೊದಲಾದ ಕೆಲವು ವಿಧಿಗಳು ಅಂದೇ ಜಾರಿಗೂ ಬಂದವು. ಮಿಕ್ಕ ಭಾಗ ಮಾತ್ರ ಸರಿಯಾಗಿ ಎರಡು ತಿಂಗಳು ಕಾಯಬೇಕಾಯಿತು. ಹಾಗೆ ಕಾಯಿಸಿದ್ದಕ್ಕೆ ಇಪ್ಪತ್ತು ವರ್ಷ ಹಿಂದಿನ ಒಂದು ಕಾರಣವಿತ್ತು.

1928ರ ಕಲಕತ್ತಾ ಕಾಂಗ್ರೆಸ್ಸು ಬ್ರಿಟಿಷ್ ಸರಕಾರಕ್ಕೆ ಒಂದು ವರ್ಷದ ಗಡುವು ಕೊಟ್ಟಿತ್ತು. ಅಷ್ಟರೊಳಗೆ ಭಾರತಕ್ಕೆ ಅಧಿರಾಜ್ಯದ ಸ್ಥಾನಮಾನ ದೊರೆಯದಿದ್ದರೆ ಪೂರ್ಣ ಸ್ವಾತಂತ್ರ್ಯಕ್ಕಿಂತ ಕಡಿಮೆಯಾದುದನ್ನು ತಾನು ಒಪ್ಪುವುದಿಲ್ಲವೆಂದು ಸಾರಿತ್ತು. ಗಡುವು ಮುಗಿಯಿತು, ಏನೂ ದೊರೆಯಲಿಲ್ಲ. 1929ರ ಡಿಸೆಂಬರ್ 31ರ ನಡುರಾತ್ರಿ ಲಾಹೋರಿನಲ್ಲಿ, ಕೊರೆಯುವ ಚಳಿಯಲ್ಲಿ, ರಾವಿ ನದಿಯ ದಂಡೆಯ ಮೇಲೆ ಜವಾಹರಲಾಲ ನೆಹರೂ ಅವರು ತ್ರಿವರ್ಣ ಧ್ವಜವನ್ನು ಏರಿಸಿದರು. ಆ ಅಧಿವೇಶನದ ಅಧ್ಯಕ್ಷ ಪೀಠವು ತಂದೆ ಮೋತಿಲಾಲರಿಂದ ಮಗ ಜವಾಹರಲಾಲರಿಗೆ ಬಂದಿತ್ತು. ಇದಾದ ಕೆಲವೇ ದಿನಗಳಲ್ಲಿ ಸೇರಿದ ಕಾರ್ಯಕಾರಿ ಸಮಿತಿಯು, ದೇಶದ ಊರೂರುಗಳಲ್ಲಿಯೂ ಜನರು ಸೇರಿ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಕೈಗೊಳ್ಳಬೇಕೆಂದು ನಿಶ್ಚಯಿಸಿ, ಅದಕ್ಕಾಗಿ ಜನವರಿಯ ಕೊನೆಯ ಭಾನುವಾರವನ್ನು ಗೊತ್ತುಪಡಿಸಿತು. 1930ರಲ್ಲಿ ಆ ಭಾನುವಾರ 26ನೆಯ ತಾರೀಖಿಗೆ ಬಂದಿತ್ತು. ದೇಶದ ಚರಿತ್ರೆಯ ಇಷ್ಟು ದೊಡ್ಡ ದಿನವು ರಜೆಯ ವಾರವೆಂಬ ಅನುಕೂಲದಿಂದ ಗೊತ್ತಾಯಿತೆಂಬುದು ಸೋಜಿಗವೇ ಸರಿ.

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಜನವರಿ 26 ನಮ್ಮ 'ಸ್ವಾತಂತ್ರ್ಯ ದಿನ'ವಾಗಿತ್ತು. ಆ ದಿನ ಧ್ವಜ ಏರಿಸಿ ಲಾಠಿಯ ಪೆಟ್ಟು ತಿಂದವರು ಅಸಂಖ್ಯ. 1947ರಲ್ಲಿ ನಿಜವಾದ ಸ್ವಾತಂತ್ರ್ಯವು ಆಗಸ್ಟ್ 15ರಂದು ಬಂದಾಗ, ಹದಿನೇಳು ವರ್ಷ ಆಚರಿಸಿದ ಹಳೆಯ ದಿನವು ಒಡೆಯನಿಲ್ಲದ ಮನೆಯಂತಾಯಿತು. ಅದು ಬರಿದಾಗಬಾರದೆಂದೇ ಸಂವಿಧಾನವನ್ನು ಜಾರಿಗೊಳಿಸುವ ಮುಹೂರ್ತವನ್ನು ಆ ದಿನಕ್ಕೆ ಇರಿಸಿದರು. 1950ರ ಜನವರಿ 26, ಗುರುವಾರ, ಬೆಳಗಿನ ಹತ್ತು ಗಂಟೆ ದಾಟಿದ ಮೇಲೆ ದಿಲ್ಲಿಯ ದರ್ಬಾರ್ ಹಾಲಿನಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿಯವರು ಭಾರತವು ಗಣರಾಜ್ಯವಾಯಿತೆಂಬ ಘೋಷಣೆಯನ್ನು ಓದಿದರು. ಬಾಬು ರಾಜೇಂದ್ರ ಪ್ರಸಾದರು ಪ್ರಥಮ ರಾಷ್ಟ್ರಪತಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಇಂಡೋನೇಷ್ಯದ ಅಧ್ಯಕ್ಷ ಸುಕಾರ್ಣೊ ಅವರು ಮುಖ್ಯ ಅತಿಥಿಗಳಾಗಿದ್ದರು. ಸಾರನಾಥದ ಅಶೋಕಸ್ತಂಭದ ಸಿಂಹಶೀರ್ಷಿಕೆಯು ನಮ್ಮ ರಾಷ್ಟ್ರಲಾಂಛನವಾದುದೂ ಅಂದೇ. ಈ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟ ಸಲಹೆಗಾರ ಬೆನೆಗಲ್ ನರಸಿಂಗರಾಯರು ಮಂಗಳೂರಿನಲ್ಲಿ ಜನಿಸಿದವರೆಂಬುದನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ.

ಗಣರಾಜ್ಯವಾದ ಆ ಬೆಳಿಗ್ಗೆ ಕನ್ನಡಿಗರು ಎಲ್ಲಿದ್ದರು? ಮೈಸೂರು ಒಂದು ರಾಜ್ಯ, ಕೊಡಗು ಇನ್ನೊಂದು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದವರು ಮುಂಬಯಿ ರಾಜ್ಯದಲ್ಲಿ. ಬಳ್ಳಾರಿ, ಮಂಗಳೂರಿನವರು ಮದರಾಸಿನಲ್ಲಿ. ಕಲಬುರ್ಗಿ, ರಾಯಚೂರು, ಬೀದರಿನವರು ಹೈದರಾಬಾದಿನಲ್ಲಿ. ಇವರೆಲ್ಲ ಒಂದೇ ಸೂರಿನಡಿ ಬರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಇನ್ನು ನಮ್ಮನ್ನು ತಡೆದು ನಿಲ್ಲಿಸಿದ ಸಂಗತಿಗೆ ಬರೋಣ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸರಕಾರವು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಲೆಕ್ಕ ಹಾಕಿದರೆ ಅದು ಬುಧವಾರ. ಪೂರ್ಣ ಸ್ವರಾಜ್ಯದ ಪ್ರತಿಜ್ಞೆಗೆ ಆಗ ಇನ್ನೂ 99 ವರ್ಷಗಳಿದ್ದವು.

ಕಿತ್ತೂರಿನ ಕಥೆಯನ್ನು ನಮ್ಮ ಓದುಗರಿಗೆ ಮೊದಲಿನಿಂದ ಹೇಳುವ ಅಗತ್ಯವಿಲ್ಲ. ಮಲ್ಲಸರ್ಜ ದೇಸಾಯಿಯವರ ಮಗ ಶಿವಲಿಂಗರುದ್ರಸರ್ಜರು 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ದತ್ತಕ ಪುತ್ರನನ್ನು ಒಪ್ಪಲು ಕಂಪನಿಯು ನಿರಾಕರಿಸಿತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ಲಿಂಗೈಕ್ಯರಾದರು. ಕಿತ್ತೂರಿನ ಆ ವಿಜಯಕ್ಕೆ ನೂರು ವರ್ಷ ತುಂಬಿದ 1924ರಲ್ಲಿಯೇ, ಅಲ್ಲಿಂದ ದೂರವೇನೂ ಇಲ್ಲದ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಸೇರಿತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ರಾಯಣ್ಣ ಅರಸನಲ್ಲ, ದೇಸಾಯಿಯೂ ಅಲ್ಲ. ಅವನೊಬ್ಬ ಶೇತಸನದಿ, ಎಂದರೆ ಊರ ಕಾವಲಿನ ಸೇವೆಗಾಗಿ ಭೂಮಿ ಪಡೆದಿದ್ದವನು. ಕಿತ್ತೂರು ಬಿದ್ದ ಮೇಲೆ ಕಂಪನಿಯವರು ಅಂಥವರ ಹೊಲಗಳಿಗೆ ಕೈಹಾಕಿದರು. ಒಂದಿಷ್ಟನ್ನು ಕಿತ್ತುಕೊಂಡು ಉಳಿದುದಕ್ಕೆ ಭಾರಿ ಕಂದಾಯ ಹೇರಿದರು. ರಾಣಿಯ ಮೇಲಿನ ನಿಷ್ಠೆಯ ಜೊತೆಗೆ ಹೊಲ ಕಳೆದುಕೊಂಡವರ ಹೊಟ್ಟೆಯ ಸಂಕಟವೂ ರಾಯಣ್ಣನ ಹಿಂದೆ ಇತ್ತೆಂಬುದನ್ನು ನಾಟಕ, ಚಲನಚಿತ್ರಗಳ ಅಬ್ಬರದಲ್ಲಿ ನಾವು ಮರೆಯುತ್ತೇವೆ. ದತ್ತಕ ಪುತ್ರ ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಗೆ ಕೂಡಿಸುವ ಸಂಕಲ್ಪದಿಂದ ಅವನು ದಂಡು ಕಟ್ಟಿದನು. ಬೀಡಿ, ನಂದಗಡ, ಖಾನಾಪುರ, ಸಂಪಗಾವಿಗಳ ಸುತ್ತಿನಲ್ಲಿ ಕಚೇರಿಗಳು ಉರಿದವು. ಅವನ ಜನರು ಖಜಾನೆಯನ್ನಷ್ಟೇ ದೋಚಲಿಲ್ಲ, ದಫ್ತರಗಳನ್ನೂ ಸುಟ್ಟರು. ರೈತನ ಕೊರಳಿನ ಉರುಲು ಆ ಕಾಗದಗಳಲ್ಲಿದೆಯೆಂದು ಅಕ್ಷರ ಕಲಿಯದ ಆ ಜನಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಯಲಿನ ಯುದ್ಧದಲ್ಲಿ ಹಿಡಿಯಲಾರದವನನ್ನು 1830ರ ಏಪ್ರಿಲಿನಲ್ಲಿ ಮೋಸದಿಂದ ಹಿಡಿದರು. ಹಳ್ಳದಲ್ಲಿ ಸ್ನಾನಕ್ಕೆ ಇಳಿದಿದ್ದಾಗ, ಕತ್ತಿ ಕೈಯಲ್ಲಿಲ್ಲದ ಗಳಿಗೆಯಲ್ಲಿ, ನಂಬಿದವರೇ ಹಿಡಿದುಕೊಟ್ಟರೆಂದು ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಒಂಬತ್ತು ತಿಂಗಳ ಮೇಲೆ ನಂದಗಡದಲ್ಲಿ ನೇಣು. ಅವನು ಹುಟ್ಟಿದ್ದು 1798ರ ಆಗಸ್ಟ್ 15ರಂದು ಎಂದು ನಾಡಿನಲ್ಲಿ ಹೇಳುತ್ತ ಬಂದಿದ್ದಾರೆ. ಜಯಂತಿಯೂ ಅಂದೇ ನಡೆಯುತ್ತದೆ. ಹುಟ್ಟಿದ ದಿನ ಸ್ವಾತಂತ್ರ್ಯೋತ್ಸವ, ಮಡಿದ ದಿನ ಗಣರಾಜ್ಯೋತ್ಸವ. ಸಭೆಗಳಲ್ಲಿ ಭಾಷಣಕಾರರು ಈ ಮಾತನ್ನು ಹೇಳಿದಾಗಲೆಲ್ಲ ಚಪ್ಪಾಳೆ ಬೀಳುತ್ತದೆ. ಬೀಳಲಿ. ಆದರೆ ಇನ್ನೊಂದು ಕೂಟವು ಅಷ್ಟಾಗಿ ಯಾರ ಬಾಯಲ್ಲಿಯೂ ಬಂದುದನ್ನು ನಾವು ಕೇಳಿಲ್ಲ. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ, 1930ರ ಮೇ 5ರಂದು ಬಂಧಿತರಾದ ಗಾಂಧೀಜಿಯವರನ್ನು ಪುಣೆಯ ಯರವಡಾ ಸೆರೆಮನೆಯಿಂದ ಬಿಡುಗಡೆ ಮಾಡಿದ್ದು 1931ರ ಜನವರಿ 26ರಂದು. ನಂದಗಡದ ನೇಣಿಗೆ ಅಂದು ನೂರು ವರ್ಷ ತುಂಬಿತ್ತು, ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಆ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದವರಲ್ಲಿ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನೂ ಒಬ್ಬನಾಗಿದ್ದನು. ಹದಿಮೂರು ವರ್ಷಗಳ ತರುವಾಯ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಅವನು ಗುಂಡಿಗೆ ಬಲಿಯಾದನು.

ಇಂಥ ಕೂಟಗಳಲ್ಲಿ ದೈವಸಂಕೇತವನ್ನು ಹುಡುಕುವವರಿದ್ದಾರೆ. ನಮಗೆ ಆ ಧೈರ್ಯವಿಲ್ಲ. ನಮ್ಮ ಹಿರಿಯರು ಕಾಲವನ್ನು ತಿಥಿ, ಮಾಸಗಳಿಂದ ಎಣಿಸಿದವರು. ಬಸವ ಜಯಂತಿಯು ಇಂದಿಗೂ ವೈಶಾಖ ಶುದ್ಧ ತದಿಗೆಗೆ ಬರುತ್ತದೆಯೇ ಹೊರತು ಇಂಗ್ಲಿಷ್ ತಾರೀಖನ್ನು ಕೇಳುವುದಿಲ್ಲ. ನಂದಗಡದಲ್ಲಿ ಕಣ್ಣೀರಿಟ್ಟ ಜನಕ್ಕೆ ಅಂದು ಜನವರಿ 26 ಎಂಬುದೇ ತಿಳಿದಿರಲಾರದು. ಆ ತಾರೀಖು ಗಲ್ಲಿಗೇರಿಸಿದವರ ಎಣಿಕೆಯದು. ಕೊಂದವರ ದಿನದರ್ಶಿಕೆಯಲ್ಲಿ ಬಿದ್ದ ಆ ಅಂಕೆಯೇ ಮುಂದೆ ಗಣರಾಜ್ಯದ ಅಂಕೆಯಾಯಿತು.

ಹೊರನಾಡುಗಳಲ್ಲಿ ಈ ದಿನಾಂಕಕ್ಕೆ ಬೇರೆ ಬೇರೆ ಬಣ್ಣಗಳಿವೆ. 1788ರ ಜನವರಿ 26ರಂದು ಆರ್ಥರ್ ಫಿಲಿಪ್ ಎಂಬ ನೌಕಾಧಿಕಾರಿಯು ಇಂಗ್ಲೆಂಡಿನ ಕೈದಿಗಳನ್ನು ತುಂಬಿಕೊಂಡು ಬಂದು ಸಿಡ್ನಿಯಲ್ಲಿ ಬ್ರಿಟಿಷ್ ಧ್ವಜವನ್ನು ನೆಟ್ಟನು. ಅದೇ ಇಂದಿನ 'ಆಸ್ಟ್ರೇಲಿಯಾ ದಿನ'. ಅಲ್ಲಿನ ಮೂಲನಿವಾಸಿಗಳಿಗೆ ಮಾತ್ರ ಅದು ನೆಲ ಕಳೆದುಕೊಂಡ ದಿನ. 1938ರಲ್ಲಿ ಬಿಳಿಯರು 150ನೆಯ ವರ್ಷದ ಸಂಭ್ರಮದಲ್ಲಿದ್ದಾಗ ಅವರು ಅದೇ ಸಿಡ್ನಿಯಲ್ಲಿ ಸಭೆ ಸೇರಿ ಶೋಕದಿನವನ್ನು ಆಚರಿಸಿದರು. 1841ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನು ಬ್ರಿಟಿಷರು ವಶಪಡಿಸಿಕೊಂಡದ್ದು, 1885ರಲ್ಲಿ ಸುಡಾನಿನ ಖಾರ್ಟೂಮಿನಲ್ಲಿ ಅವರ ಸೇನಾಪತಿ ಗಾರ್ಡನ್ ಹತನಾದದ್ದು, ಎರಡೂ ಜನವರಿ 26ರಂದೇ.

ಇದೇ ದಿನಕ್ಕೆ ಸೇರಿದ ಇಬ್ಬರು ಶಾಂತ ಪುರುಷರು ನಮ್ಮ ಮನೆಗಳಿಗೆ ಹೆಚ್ಚು ಹತ್ತಿರದವರು. 1823ರ ಜನವರಿ 26ರಂದು ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನಲ್ಲಿ ವೈದ್ಯ ಎಡ್ವರ್ಡ್ ಜೆನ್ನರ್ ನಿಧನ ಹೊಂದಿದನು. ಸಿಡುಬಿಗೆ ದಾಕು ಹಾಕುವ ವಿದ್ಯೆಯನ್ನು 1796ರಲ್ಲಿ ಜಗತ್ತಿಗೆ ಕೊಟ್ಟವನು ಅವನೇ. ನಮ್ಮ ಅಜ್ಜಿಯರ ತೋಳಿನ ಮೇಲೆ ನಾಣ್ಯದಂತಹ ಕಲೆಯೊಂದು ಇರುತ್ತಿತ್ತಲ್ಲವೇ? 'ದೇವಿ ಹಾಕಿಸಿಕೊಂಡ' ಆ ಗುರುತು ಜೆನ್ನರನದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಸುಮಾರು 1805ರ ಒಂದು ವರ್ಣಚಿತ್ರದಲ್ಲಿ ಮೈಸೂರಿನ ರಾಣಿಯೊಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಈ ದಾಕಿನ ಪ್ರಚಾರಕ್ಕಾಗಿಯೇ ಎಂದು ಇತಿಹಾಸಜ್ಞರು ಊಹಿಸಿದ್ದಾರೆ. ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ಇನ್ನೊಬ್ಬನು ಜಾನ್ ಲೋಗಿ ಬೇರ್ಡ್. 1926ರ ಜನವರಿ 26ರಂದು ಲಂಡನ್ನಿನ ಒಂದು ಅಟ್ಟದ ಕೋಣೆಯಲ್ಲಿ ವಿದ್ವಾಂಸರನ್ನು ಕೂಡಿಸಿ ದೂರದರ್ಶನವನ್ನು ಮೊದಲ ಬಾರಿಗೆ ತೋರಿಸಿದನು. ದಿಲ್ಲಿಯ ಪಥಸಂಚಲನವನ್ನು ಮನೆಮಂದಿಯೆಲ್ಲ ಚಾಪೆಯ ಮೇಲೆ ಕುಳಿತು ನೋಡುವಾಗ ನಾವು ಅರಿಯದೆಯೇ ಆ ಪೆಟ್ಟಿಗೆಯ ಹುಟ್ಟುಹಬ್ಬವನ್ನೂ ಆಚರಿಸುತ್ತಿರುತ್ತೇವೆ!

ಗಣರಾಜ್ಯ ದಿನವೆಲ್ಲ ನಮಗೆ ಸಿಹಿಯೇ ಆಗಿಲ್ಲ. ಸಂವಿಧಾನವು ಇಂಗ್ಲಿಷಿಗೆ ಕೊಟ್ಟ ಹದಿನೈದು ವರ್ಷಗಳ ಅವಧಿ 1965ರ ಜನವರಿ 26ಕ್ಕೆ ಮುಗಿದು ಹಿಂದಿಯು ಕೇಂದ್ರದ ಆಡಳಿತ ಭಾಷೆಯಾದಾಗ ಮದರಾಸು ರಾಜ್ಯವು ಹೊತ್ತಿ ಉರಿಯಿತು. ತಮ್ಮ ಮೈಗೆ ತಾವೇ ಬೆಂಕಿ ಹಚ್ಚಿಕೊಂಡು ಸತ್ತವರೂ ಇದ್ದರು. ಮುಂದೆ 2001ರಲ್ಲಿ, ಗಣರಾಜ್ಯ ದಿನದ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಗುಜರಾತಿನ ಕಚ್ಛ್ ನಡುಗಿತು. ಭೂಕಂಪದ ತೀವ್ರತೆ 7.7. ಸತ್ತವರ ಸಂಖ್ಯೆ ಹದಿಮೂರು ಸಾವಿರವನ್ನೂ ಮೀರಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಕುಸಿದಾಗ ನಮ್ಮ ಬೀದರ, ಕಲಬುರ್ಗಿಯ ಜನ ಬೆದರಿ ಬೀದಿಗೆ ಓಡಿ ಬಂದಿದ್ದರು. ನೆಲ ನಡುಗುವುದೆಂದರೇನೆಂದು ಅವರು ಬಲ್ಲರು. ಕಚ್ಛಿನ ಅಂಜಾರ್ ಪಟ್ಟಣದಲ್ಲಿ ಆ ಹೊತ್ತಿಗೆ ಶಾಲೆಯ ಮಕ್ಕಳು ಧ್ವಜ ಹಿಡಿದು ಪ್ರಭಾತಫೇರಿ ಹೊರಟಿದ್ದರು. ಮೆರವಣಿಗೆ ಇಕ್ಕಟ್ಟಾದ ಓಣಿಯೊಂದರಲ್ಲಿದ್ದಾಗ ಎರಡೂ ಬದಿಯ ಮನೆಗಳು ಅವರ ಮೇಲೆ ಕುಸಿದವು. ನೂರಕ್ಕೂ ಹೆಚ್ಚು ಮಕ್ಕಳು, ಜೊತೆಗಿದ್ದ ಶಿಕ್ಷಕರು ಅಲ್ಲಿಯೇ ಉಳಿದರು. ಅವರೂ ಆ ಬೆಳಿಗ್ಗೆ ಯಾರೂ ಎಬ್ಬಿಸದೆಯೇ ಎದ್ದಿದ್ದ ಮಕ್ಕಳು.

ಈ ಜನವರಿಯಲ್ಲಿ ಬಿಡುವಾದ ಓದುಗರು ಮಕ್ಕಳನ್ನು ಕರೆದುಕೊಂಡು ನಂದಗಡಕ್ಕೆ ಒಮ್ಮೆ ಹೋಗಿ ಬರಬಹುದು. ಬೆಳಗಾವಿಯಿಂದ ಖಾನಾಪುರದ ಮೇಲೆ ದಾರಿಯಿದೆ. ರಾಯಣ್ಣನ ಸಮಾಧಿಯ ಮೇಲೆ ಅವನ ಜೊತೆಗಾರನೊಬ್ಬನು ನೆಟ್ಟನೆಂದು ಜನ ನಂಬಿರುವ ಆಲದ ಮರವು ಅಲ್ಲಿದೆ. ಮಕ್ಕಳಿಲ್ಲದವರು ಹರಕೆ ಹೊತ್ತು ಅದರ ಕೊಂಬೆಗಳಿಗೆ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಹುಟ್ಟುವ ಮಗು ರಾಯಣ್ಣನಂತಾಗಲಿ ಎಂಬುದು ಬೇಡಿಕೆ. ಆ ಮರದ ಮಗ್ಗುಲಲ್ಲಿ ಒಂದು ಅಶೋಕಸ್ತಂಭವನ್ನೂ ನಿಲ್ಲಿಸಿದ್ದಾರೆ. ಅದರ ನೆತ್ತಿಯ ಸಿಂಹಗಳನ್ನು ತೋರಿಸಿ, ಇವು ನಮ್ಮ ದೇಶದ ಮುದ್ರೆಯಾದ ದಿನ ಯಾವುದೆಂದು ಮಕ್ಕಳನ್ನು ಕೇಳಿ ನೋಡಿರಿ.