ಗ್ರಂಥಿಯನ್ನು ತೆಗೆಸಿದ ಬಳಿಕ

ಕೊರಳಿನ ಗ್ರಂಥಿಯನ್ನು ತೆಗೆಸಿದೊಡನೆ ರೋಗವೂ ಅದರ ಸಂಗಡ ಹೋಯಿತೆಂದು ತಿಳಿಯುವವರು ಬಹುಜನ. ನಾವೂ ಹಾಗೆಯೇ ತಿಳಿದಿದ್ದೆವು. ನಮ್ಮ ಚೌಡಾಪುರವು ಗಾಣಗಾಪುರದ ಹಾದಿಯ ಊರು; ದತ್ತಭಕ್ತರ ಓಡಾಟಕ್ಕೂ ವ್ರತನಿಯಮಗಳಿಗೂ ಇಲ್ಲಿ ಕೊರತೆಯಿಲ್ಲ. ನಮ್ಮ ಮನೆಯವರಿಗೆ ಕಲಬುರಗಿಯಲ್ಲಿ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದ ಮರುವರ್ಷ ಅವರು ಒಂದು ಮಂಡಲದ ವ್ರತ ಹಿಡಿದರು. ಔಷಧವು ವ್ರತಕ್ಕೆ ಭಂಗವೆಂದು ಬಗೆದು, ಯಾರಿಗೂ ಹೇಳದೆ, ದಿನದ ಗುಳಿಗೆಯನ್ನು ಬಿಟ್ಟರು.

ಮೊದಲ ವಾರ ಏನೂ ತೋರಲಿಲ್ಲ. ಆ ಔಷಧವು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಆದಕಾರಣ ತಪ್ಪು ಕೂಡಲೆ ಕಣ್ಣಿಗೆ ಬೀಳುವದಿಲ್ಲ. ನಾಲ್ಕೈದು ವಾರಗಳಲ್ಲಿ ಮುಖ ಊದಿತು, ದನಿ ಒಡೆಯಿತು, ಮಾತು ನಿಧಾನವಾಯಿತು. ವೈಶಾಖದ ಸೆಕೆಗೆ ಊರೆಲ್ಲ ಮಾಳಿಗೆಯ ಮೇಲೆ ಮಲಗುವ ಕಾಲದಲ್ಲಿ ಅವರು ಒಳಗೆ ಕೌದಿ ಹೊದ್ದು ಮಲಗಿದರು. ಮುಪ್ಪಿನ ದಣಿವೆಂದು ನಾವು ಸುಮ್ಮನಿದ್ದೆವು. ಹುಡುಗರ ಮುಖ ನೋಡಿಯೇ ಮನಸ್ಸನ್ನು ಓದಬಲ್ಲೆವೆಂಬ ಹೆಮ್ಮೆ ಬೇರೆ ನಮಗೆ! ಮಗಳು ತವರಿಗೆ ಬಂದು, “ಅವ್ವಾ, ಗುಳಗಿ ಬಿಟ್ಟೀಯೇನ?” ಎಂದು ಕೇಳಿದಾಗ ಗುಟ್ಟು ಹೊರಬಿದ್ದಿತು. ವೈದ್ಯರು ರಕ್ತವನ್ನು ಪರೀಕ್ಷಿಸಿ ಗುಳಿಗೆಯನ್ನು ಮತ್ತೆ ಆರಂಭಿಸಿದರು. ಮೊದಲಿನಂತಾಗಲು ಎರಡು ತಿಂಗಳು ಹಿಡಿಯಿತು.

ಈ ರೋಗದ ಬೇರು ಗ್ರಂಥಿಯಲ್ಲಿಲ್ಲ. ದೇಹವನ್ನು ಕಾಯತಕ್ಕ ಶಕ್ತಿಯೇ ಸ್ವಕೀಯವನ್ನು ಪರಕೀಯವೆಂದು ಭ್ರಮಿಸಿ ಗ್ರಂಥಿಯನ್ನು ಕಾಡುವದು. 1912ರಲ್ಲಿ ಜಪಾನದ ಹಾಶಿಮೋಟೊ ವರ್ಣಿಸಿದ ಬಗೆಯಲ್ಲಿ ಗ್ರಂಥಿಯು ಮೆಲ್ಲಗೆ ಸವೆಯುವದು. 1835ರಲ್ಲಿ ಐರ್ಲೆಂಡದ ಗ್ರೇವ್ಸ್ ವರ್ಣಿಸಿದ ಬಗೆಯಲ್ಲಿ ಅದು ಮಿತಿಮೀರಿ ದುಡಿದು ಎದೆಬಡಿತ, ಕೈನಡುಕ, ಮೈಯಿಳಿತಗಳನ್ನು ತರುವದು. ನಮ್ಮ ಮನೆಯವರದು ಈ ಎರಡನೆಯದು. ಗ್ರಂಥಿ ಹೋದರೂ ಆ ಭ್ರಮೆ ಉಳಿದಿರಬಹುದು. ಕಣ್ಣುರಿಯೋ ಕಣ್ಣು ಮುಂಚಾಚುವದೋ ಕಂಡರೆ ನೇತ್ರವೈದ್ಯರಿಗೆ ತೋರಿಸತಕ್ಕದ್ದು. ಬೀಡಿಯ ಹೊಗೆ ಇಂಥ ಕಣ್ಣಿಗೆ ಕಡುವೈರಿ.

ಗ್ರಂಥಿಯಿಲ್ಲದ ದೇಹಕ್ಕೆ ಅದರ ರಸವನ್ನು ಹೊರಗಿನಿಂದ ಕೊಡಲೇಬೇಕು. ಸ್ವಿಜರ್ಲಂಡದ ಶಸ್ತ್ರವೈದ್ಯ ಕೋಖರ್, ತಾನು ಗ್ರಂಥಿಯನ್ನು ಪೂರ್ತಿ ತೆಗೆದ ರೋಗಿಗಳು ಊದಿಕೊಂಡು ಮಂಕಾದದ್ದನ್ನು ಮುಚ್ಚಿಡದೆ 1883ರಲ್ಲಿ ಲೋಕಕ್ಕೆ ತಿಳಿಸಿದನು. 1891ರಲ್ಲಿ ಇಂಗ್ಲಂಡದ ಮರ್ರೆ ಎಂಬ ವೈದ್ಯನು, ಗ್ರಂಥಿ ಬತ್ತಿದ ಹೆಂಗಸೊಬ್ಬಳಿಗೆ ಕುರಿಯ ಗ್ರಂಥಿಯ ಸತ್ವವನ್ನು ಚುಚ್ಚಿದನು. ಆ ಚಿಕಿತ್ಸೆಯಿಂದ ಆಕೆ ಮತ್ತೆ 28 ವರ್ಷ ಬಾಳಿದಳು. ಈಗಿನ ಗುಳಿಗೆಯಲ್ಲಿರುವ ಲೆವೊಥೈರಾಕ್ಸಿನ್ನಿಗೆ ಕುರಿಯ ಹಂಗಿಲ್ಲ. ಅದನ್ನು ರಸಾಯನಶಾಲೆಯಲ್ಲಿ ತಯಾರಿಸುವರು.

ಇನ್ನು ವ್ರತದ ಮಾತು. ಉದ್ಯೋಗಪರ್ವದಲ್ಲಿ ವಿದುರನು ವ್ರತವನ್ನು ಕೆಡಿಸದ ಎಂಟನ್ನು ಎಣಿಸುವಾಗ ನೀರು, ಹಣ್ಣು, ಹಾಲುಗಳ ಜೊತೆಗೆ ಔಷಧವನ್ನೂ ಹೇಳಿರುವನು. ಈ ಮಾತು ನಮ್ಮ ನಾಲಗೆಯ ತುದಿಯಲ್ಲಿಯೇ ಇದ್ದಿತು. ಮನೆಯಲ್ಲಿ ಮಾತ್ರ ಒಮ್ಮೆಯೂ ಆಡಿರಲಿಲ್ಲ.

ಗುಳಿಗೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಚಹಕ್ಕೂ ರೊಟ್ಟಿಗೂ ಅರ್ಧ ತಾಸಿನಿಂದ ಒಂದು ತಾಸು ಕಾಯಬೇಕು. ಕಬ್ಬಿಣಾಂಶದ, ಕ್ಯಾಲ್ಸಿಯಂ ಗುಳಿಗೆಗಳಿದ್ದರೆ ನಡುವೆ 4 ತಾಸು ಬಿಡತಕ್ಕದ್ದು. ಪ್ರಮಾಣ ಬದಲಾದ 6ರಿಂದ 8 ವಾರಗಳಿಗೆ ಟಿ.ಎಸ್.ಎಚ್. ರಕ್ತಪರೀಕ್ಷೆ ಅವಶ್ಯ. ಗರ್ಭಿಣಿಗೆ ಪ್ರಮಾಣ ಹೆಚ್ಚು ಬೇಕಾಗುವದರಿಂದ ತಿಳಿದೊಡನೆ ವೈದ್ಯರನ್ನು ಕಾಣಬೇಕು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಟ್ಟಿದರೆ ಕ್ಯಾಲ್ಸಿಯಂ ಇಳಿದಿರಬಹುದು, ತಡಮಾಡಬಾರದು. ಸಜ್ಜೆ, ಕೋಸು ಬಿಡಿರೆಂದು ನೆರೆಯವರು ಹೇಳುವದುಂಟು. ಅವು ತಡೆಯುವದು ಗ್ರಂಥಿಯ ಕೆಲಸವನ್ನು. ಗ್ರಂಥಿಯೇ ಇಲ್ಲದವರಿಗೆ ಆ ಭಯವೆಲ್ಲಿಯದು?

ಗುಳಿಗೆಯ ಡಬ್ಬಿಯನ್ನು ಒಲೆಯ ಹತ್ತಿರವಾಗಲಿ ಬಿಸಿಲಿನಲ್ಲಾಗಲಿ ಇಡಕೂಡದು. ನಮ್ಮಲ್ಲಿ ಅದು ದೇವರ ಕೋಣೆಯ ತಂಪಾದ ಗೂಡಿನಲ್ಲಿ, ಕುಂಕುಮದ ಭರಣಿಯ ಮಗ್ಗುಲಲ್ಲಿದೆ. ಮೊದಲು ಗುಳಿಗೆ, ಆಮೇಲೆ ದೀಪ. ಈ ವರ್ಷದ ವ್ರತವೂ ಹಾಗೆಯೇ ನಡೆಯಿತು.