ಸಿಗ್ನಲ್ ಎಂದು ಕೂಗಿದ ಶೆಲ್

ಕ್ಯಾಲಿಫೋರ್ನಿಯಾದ ಸಿಗ್ನಸ್ ಸೊಲ್ಯೂಷನ್ಸ್ ಕಂಪನಿಯ ಎಂಜಿನಿಯರ್ ಸ್ಟೀವ್ ಚೇಂಬರ್ಲೇನ್ 1995ರಲ್ಲಿ ಒಂದು ಸಂಗತಿ ಗಮನಿಸಿದರು. ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ 95 ಬಳಸುವ 'ಕಾಫ್' ಎಂಬ ಆಬ್ಜೆಕ್ಟ್ ಫೈಲ್ ನಮೂನೆ ಜಿಎನ್‌ಯು ಸಲಕರಣೆಗಳಿಗೆ ಆಗಲೇ ಗೊತ್ತಿತ್ತು. ಹಾಗಾದರೆ ಜಿಸಿಸಿ ಕಂಪೈಲರನ್ನು ವಿಂಡೋಸ್‌ಗೆ ಯಾಕೆ ಒಗ್ಗಿಸಬಾರದು? ತೊಡಕು ಬಂದದ್ದು ಕಂಪೈಲರಿನಿಂದಲ್ಲ, ಅದನ್ನು ಕಟ್ಟಲು ಬೇಕಾದ 'ಕಾನ್ಫಿಗರ್' ಸ್ಕ್ರಿಪ್ಟಿನಿಂದ. ಸ್ಕ್ರಿಪ್ಟ್ ಓಡಬೇಕಾದರೆ ಶೆಲ್ ಬೇಕು. ಶೆಲ್ ಹೆಜ್ಜೆಹೆಜ್ಜೆಗೂ ಫೋರ್ಕ್ ಮಾಡುತ್ತದೆ, ಅಂದರೆ ತನ್ನದೇ ನಕಲಾದ ಮಗು ಪ್ರೊಸೆಸ್ಸನ್ನು ಹುಟ್ಟಿಸುತ್ತದೆ, ಹಾಗೆ ಹುಟ್ಟಿಸಿದ ಮಕ್ಕಳನ್ನು ಸಿಗ್ನಲ್‌ಗಳಿಂದ ನಿಭಾಯಿಸುತ್ತದೆ. ವಿಂಡೋಸ್‌ನಲ್ಲಿ ಎರಡಕ್ಕೂ ಸರಿಸಾಟಿಯಾದದ್ದು ಇರಲಿಲ್ಲ. ಹೀಗೆ ಕಂಪೈಲರಿಗಾಗಿ ಶುರುವಾದ ಕೆಲಸ ಯುನಿಕ್ಸ್‌ನ ನಡವಳಿಕೆಯನ್ನೇ ಒಂದು ಡಿಎಲ್‌ಎಲ್‌ನೊಳಗೆ ಕಟ್ಟುವ ಕೆಲಸವಾಯಿತು. ಅದೇ ಸಿಗ್‌ವಿನ್.

ಯುನಿಕ್ಸ್‌ನಲ್ಲಿ ಸಿಗ್ನಲ್ ತಲುಪಿಸುವುದು ಕರ್ನಲ್. ವಿಂಡೋಸ್ ಕರ್ನಲ್ ಆ ಹೊಣೆ ಹೊರುವುದಿಲ್ಲ. ಕಂಟ್ರೋಲ್-ಸಿ ಒತ್ತಿದರೆ ತಿಳಿಸುವ ವ್ಯವಸ್ಥೆಯಿದೆ, ಪ್ರೊಸೆಸ್ಸನ್ನು ಏಕಾಏಕಿ ಕೊಲ್ಲುವ ದಾರಿಯೂ ಇದೆ. ನಡುವಿನದು ಏನೂ ಇಲ್ಲ. ಅದಕ್ಕೇ ಸಿಗ್‌ವಿನ್‌ನಲ್ಲಿ ಪ್ರತಿ ಪ್ರೊಸೆಸ್ ಎದ್ದ ಕೂಡಲೇ ತನ್ನೊಳಗೆ ಇನ್ನೊಂದು ಥ್ರೆಡ್ಡನ್ನು ಹುಟ್ಟಿಸಿಕೊಳ್ಳುತ್ತದೆ. ಸಿಗ್ನಲ್ ಬರುವುದನ್ನು ಕಾಯುವುದಷ್ಟೇ ಅದರ ಕೆಲಸ. ಮೊದಲು ವಿಂಡೋಸ್‌ನ ಈವೆಂಟ್‌ಗಳ ಮೂಲಕ, ಮುಂದೆ ಒಂದು ಪೈಪಿನ ಮೂಲಕ ಅದಕ್ಕೆ ಸುದ್ದಿ ಮುಟ್ಟುತ್ತಿತ್ತು. ಪ್ರೊಸೆಸ್ ತನಗೆ ತಾನೇ ಸಿಗ್ನಲ್ ಕಳಿಸಿಕೊಂಡರೆ, ಕೆಲಸ ಮುಗಿಯಿತೆಂದು ಈ ಥ್ರೆಡ್ ಹೇಳುವವರೆಗೆ ಕಳಿಸಿದವನು ಕಾಯಬೇಕು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನಕವಾದ ಪಾಸಿಕ್ಸ್ ನಿಯಮ ಹಾಗಿದೆ. ಕರ್ನಲ್ಲಿನ ಕೂದಲನ್ನೂ ಮುಟ್ಟದೆ, ಯಾರ ಅಪ್ಪಣೆಯನ್ನೂ ಕೇಳದೆ ಮಾಡಿದ ಈ ಉಪಾಯ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಆದರೆ ಪ್ರೊಸೆಸ್ ಕಣ್ಣು ಬಿಡುತ್ತಲೇ ಮಾಡುವ ಮೊದಲ ಕೆಲಸಗಳಲ್ಲಿ ಈ ಥ್ರೆಡ್ ಹುಟ್ಟಿಸುವುದೂ ಒಂದಾದ್ದರಿಂದ, ಬೇರೆಡೆಯ ಕಾಯಿಲೆಯೂ ಇಲ್ಲೇ ಬಾಯಿ ಬಿಡುತ್ತದೆ. 'ಸಿಗ್ನಲ್ ಪೈಪ್ ರಚಿಸಲಾಗಲಿಲ್ಲ, ವಿನ್32 ಎರರ್ 5' ಎಂಬರ್ಥದ ಸಾಲು ಬಿದ್ದು ಬ್ಯಾಶ್ ಶೆಲ್ ಸತ್ತಾಗ, ಓದಿದವರು ಸಿಗ್ನಲ್ ಕೋಡನ್ನೇ ಜಾಲಾಡಲು ಹೋಗುತ್ತಾರೆ. ನೋಡಬೇಕಾದದ್ದು ಸಾಲಿನ ಕೊನೆಯ ಸಂಖ್ಯೆಯನ್ನು. ಕಮಾಂಡ್ ಪ್ರಾಂಪ್ಟಿನಲ್ಲಿ 'ನೆಟ್ ಹೆಲ್ಪ್‌ಎಂಎಸ್‌ಜಿ 5' ಎಂದು ಕೊಟ್ಟರೆ ವಿಂಡೋಸೇ ಅರ್ಥ ಹೇಳುತ್ತದೆ: ಅನುಮತಿ ಇಲ್ಲ. ಅಂದರೆ ಶೆಲ್ ಯಾವ ಬಳಕೆದಾರನ ಹೆಸರಿನಲ್ಲಿ, ಎಷ್ಟು ಅಧಿಕಾರದೊಂದಿಗೆ ಓಡುತ್ತಿದೆ ಎಂದು ವಿಚಾರಿಸಬೇಕು. 258 ಬಂದರೆ ಕಾದು ಕಾದು ಸಮಯ ಮೀರಿದೆ, ಆ ಸಿಗ್ನಲ್ ಥ್ರೆಡ್ ಉತ್ತರ ಕೊಟ್ಟಿಲ್ಲ. 487 ಬಂದರೆ ವಿಳಾಸವೇ ಸಿಂಧುವಲ್ಲ, ಜಗಳ ಮೆಮೊರಿಯದ್ದು.

ಹೆಚ್ಚು ಜನರನ್ನು ಕಾಡಿದ್ದು ಈ ಮೆಮೊರಿಯ ಜಗಳ. ಅದರ ಬೇರು ಫೋರ್ಕ್‌ನಲ್ಲಿದೆ. ಸಿಗ್‌ವಿನ್ ಮಗುವನ್ನು ಮೊದಲು ತಡೆಹಿಡಿದ ಸ್ಥಿತಿಯಲ್ಲಿ ಹುಟ್ಟಿಸಿ, ತಾಯಿಯ ದತ್ತಾಂಶವನ್ನು ಅದರೊಳಗೆ ನಕಲು ಮಾಡಿ, ತಾಯಿ ನಿಂತಿದ್ದ ಜಾಗಕ್ಕೇ ಅದನ್ನು ಜಿಗಿಸುತ್ತದೆ. ಪಾಯಿಂಟರುಗಳೂ ನಕಲಾಗಿ ಬರುವುದರಿಂದ, ತಾಯಿಮನೆಯಲ್ಲಿ ಯಾವ ಸಾಮಾನು ಎಲ್ಲಿತ್ತೋ ಮಗುವಿನ ಮನೆಯಲ್ಲೂ ಅಲ್ಲೇ ಇರಬೇಕು. ಒಂದು ಡಿಎಲ್‌ಎಲ್ ಬೇರೆ ವಿಳಾಸಕ್ಕೆ ಸರಿದರೂ ಫೋರ್ಕ್ ಮುರಿಯುತ್ತದೆ. ವಿಂಡೋಸ್ ವಿಸ್ತಾದಿಂದ ಶುರುವಾದ ಎಎಸ್‌ಎಲ್‌ಆರ್, ದಾಳಿಕೋರರನ್ನು ದಾರಿ ತಪ್ಪಿಸಲು ವಿಳಾಸಗಳನ್ನು ಬೇಕೆಂದೇ ಕಲಸುತ್ತದೆ. ಅದು ಒಳ್ಳೆಯ ರಕ್ಷಣೆಯೇ. ಆದರೆ ಫೋರ್ಕ್‌ಗೆ ಬೇಕಾದದ್ದು ಅದಕ್ಕೆ ನೇರ ವಿರುದ್ಧ.

ಇದರ ಜೊತೆಗೆ ಕೆಲವು ಆಂಟಿವೈರಸ್‌ಗಳು ಪ್ರತಿ ಪ್ರೊಸೆಸ್ಸಿನೊಳಗೂ ತಮ್ಮ ಡಿಎಲ್‌ಎಲ್ ತುರುಕುತ್ತವೆ. ಹೀಗೆ ತೊಂದರೆ ಕೊಡುವ ತಂತ್ರಾಂಶಗಳ ಒಂದು ಪಟ್ಟಿಯನ್ನೇ ಸಿಗ್‌ವಿನ್‌ನವರು ಇಟ್ಟಿದ್ದಾರೆ. ಅವರ ವಲಯದಲ್ಲಿ ಅದಕ್ಕೆ 'ಬ್ಲೋಡಾ' ಎನ್ನುತ್ತಾರೆ. ಡಿಎಲ್‌ಎಲ್‌ಗಳು ಒಂದರ ಮೇಲೊಂದು ಬೀಳದಂತೆ ಒಂದೊಂದಕ್ಕೂ ಬೇರೆ ವಿಳಾಸ ಹಂಚುವ 'ರೀಬೇಸ್‌ಆಲ್' ಎಂಬ ಪರಿಹಾರ ಬಂತು. ಸಿಗ್‌ವಿನ್‌ನ ಬೇರೆ ಪ್ರೊಸೆಸ್ ಒಂದೂ ಓಡುತ್ತಿರದಾಗ ಅದನ್ನು ನಡೆಸಬೇಕು.

2013ರಲ್ಲಿ 64 ಬಿಟ್ ಸಿಗ್‌ವಿನ್ ಬಂದ ಮೇಲೆ ವಿಳಾಸಗಳಿಗೆ ಬಯಲಿನಷ್ಟು ಜಾಗ ಸಿಕ್ಕಿತು, ಡಿಕ್ಕಿಗಳು ಬಹಳ ಮಟ್ಟಿಗೆ ಇಳಿದವು. 2022ರ 3.4 ಆವೃತ್ತಿಯಲ್ಲಿ 32 ಬಿಟ್ ಬೆಂಬಲವನ್ನೇ ಕೈಬಿಟ್ಟರು. ಆದರೂ ಗಿಟ್ ಫಾರ್ ವಿಂಡೋಸ್ ಹಾಕಿಕೊಂಡವರ ಪರದೆಯ ಮೇಲೆ ಇಂಥ ಸಾಲುಗಳು ಈಗಲೂ ಕಾಣಿಸಿಕೊಳ್ಳುತ್ತವೆ, ಯಾಕೆಂದರೆ ಅದರ ಬ್ಯಾಶ್ ಕೂಡ ಸಿಗ್‌ವಿನ್ ವಂಶದ ಎಂಸಿಸ್2 ಮೇಲೆ ನಿಂತಿದೆ. ಅಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ವಿಂಡೋಸ್ ಸೆಕ್ಯೂರಿಟಿಯ 'ಎಕ್ಸ್‌ಪ್ಲಾಯ್ಟ್ ಪ್ರೊಟೆಕ್ಷನ್' ಪುಟ. ಅಲ್ಲಿನ ಕಡ್ಡಾಯ ಎಎಸ್‌ಎಲ್‌ಆರ್ ತಾನಾಗಿ ಆನ್ ಆಗಿರುವುದಿಲ್ಲ. ಯಾರೋ ಆನ್ ಮಾಡಿರುತ್ತಾರೆ, ಹೆಚ್ಚಾಗಿ ಕಚೇರಿಯ ಐಟಿ ವಿಭಾಗ. ಇಡೀ ಯಂತ್ರದ ರಕ್ಷಣೆ ತೆಗೆಯಬೇಕಿಲ್ಲ. ಬ್ಯಾಶ್ ಮತ್ತು ಅದು ಕರೆಯುವ ಎಕ್ಸ್‌ಇ ಫೈಲುಗಳಿಗಷ್ಟೇ ವಿನಾಯಿತಿ ಕೊಟ್ಟರೆ ಶೆಲ್ ಏಳುತ್ತದೆ.