ಅಮರ್ಜಾದಿಂದ ಭೀಮೆವರೆಗೆ, ಮುಪ್ಪಿನ ಕಾಲುಗಳ ಜೊತೆ

ಬೆಳಗಿನ ಹೊತ್ತು ಆಳಂದದ ಬಸ್ ನಿಲ್ದಾಣದಲ್ಲಿ ನಿಂತರೆ ವಯಸ್ಸಾದ ಹೆಣ್ಣುಮಕ್ಕಳೇ ಎದ್ದು ಕಾಣುತ್ತಾರೆ. ಲಾಡ್ಲೆ ಮಶಾಕ ದರ್ಗಾಕ್ಕೆ ಬಂದವರು, ಕಲಬುರಗಿ ದವಾಖಾನೆಗೆ ಹೊರಟವರು, ಮಗಳ ಊರಿನ ದಾರಿ ಹಿಡಿದವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಇವರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಮೊದಲಾದರೆ ಊರು ಬಿಟ್ಟು ಹೊರಡಲು ಮಗನ ಮುಂದೆ ಕೈಚಾಚಬೇಕಿತ್ತು. ಈ ಭಾಗದ ಅಜ್ಜಿಯರಿಗೆ ಇಷ್ಟು ದೊಡ್ಡ ಬಿಡುಗಡೆ ಕೊಟ್ಟ ಇನ್ನೊಂದು ಯೋಜನೆ ನನಗೆ ನೆನಪಾಗುವುದಿಲ್ಲ.

ದುಡ್ಡಿನ ತೊಡಕು ಹೋಯಿತು, ಮೆಟ್ಟಿಲಿನದು ಉಳಿಯಿತು. ಹಳ್ಳಿಗೆ ಹೋಗುವ ಬಸ್ಸನ್ನು ಲಾರಿಯಂಥ ಎತ್ತರದ ಚಾಸಿಯ ಮೇಲೆ ಕಟ್ಟುತ್ತಾರೆ. ಹದಗೆಟ್ಟ ರಸ್ತೆಗೆ ಅದು ಸರಿ. ಮಂಡಿ ಸವೆದವರಿಗೆ ಗುಡ್ಡ ಹತ್ತಿದಂತೆ. "ಆಯಿ, ಸಾವಕಾಶ ಹತ್ರಿ" ಎಂದು ಕಂಡಕ್ಟರ್ ಹೇಳುತ್ತಿರುವಾಗಲೇ ಹಿಂದಿನವರು ಸೊಂಟಕ್ಕೆ ಕೈಕೊಟ್ಟು ಮೇಲೆ ನೂಕುತ್ತಾರೆ. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂಬ ಸರಳ ಕ್ರಮವನ್ನು ಇವರಿಗೆ ಯಾರಾದರೂ ಹೇಳಿಕೊಡಬೇಕು. ಕೋಲಿನದೂ ಹಾಗೆಯೇ. ಬಲಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ಅದರ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಬೇಕು, ತುದಿಗೆ ರಬ್ಬರ್ ಇರಬೇಕು. ಹೊಲದ ಬಡಿಗೆಯನ್ನೇ ಊರಿಕೊಂಡು ನಡೆಯುವವರಿಗೆ ಇದ್ಯಾವುದೂ ಸಿಕ್ಕಿರುವುದಿಲ್ಲ. ಬಡ ಕುಟುಂಬದ ಹಿರಿಯರಿಗೆ ಕೋಲು, ಗಾಲಿಕುರ್ಚಿ, ಶ್ರವಣಯಂತ್ರ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಅದರ ಹೆಸರು ಹಳ್ಳಿಯ ಕಟ್ಟೆಗಳವರೆಗೂ ಬರಬೇಕು.

ಆಳಂದ ಸೀಮೆಯ ಅಮರ್ಜಾ ಹೊಳೆ ಭೀಮೆಯನ್ನು ಸೇರುವುದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ. ದತ್ತನ ಭಕ್ತರು ಸಂಗಮದಲ್ಲಿ ಮಿಂದು ಔದುಂಬರ ಮರಕ್ಕೆ ಸುತ್ತು ಹಾಕುತ್ತಾರೆ. ಮರಾಠಿ, ಕನ್ನಡ ಎರಡೂ ಮಾತಿನ ಮುದುಕರು ಅಲ್ಲಿ ನಿಧಾನವಾಗಿ, ಬಿಡದೆ ನಡೆಯುವುದನ್ನು ನೋಡುತ್ತ ಬಹಳ ಹೊತ್ತು ನಿಂತೆ. ಅರವತ್ತೈದು ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕು, 3 ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ಚಟುವಟಿಕೆ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಕ್ತಿಯ ನೆಪದಲ್ಲಿ ಈ ಕಾಲುಗಳಿಗೆ ಅದರ ಒಂದು ಪಾಲು ದಕ್ಕುತ್ತಿದೆ. ನೀರಿಗಿಳಿಯುವ ಒದ್ದೆ ಮೆಟ್ಟಿಲಿನಲ್ಲಿ ಮಾತ್ರ ಜೀವ ಕೈಯಲ್ಲಿ ಹಿಡಿಯಬೇಕು. ನದಿಗೆ ಕಟ್ಟಿದ ಯಾವ ಸ್ನಾನಘಟ್ಟಕ್ಕೇ ಆಗಲಿ, ಹಿಡಿದು ಇಳಿಯಲು ಕಂಬಿ ಬೇಕೇಬೇಕು.

ಊರಲ್ಲಿ ಆಗುವುದು ಸಂಗಮದ ಈ ನಡಿಗೆಯ ತಿರುಗಾಮುರುಗಾ. ತೊಗರಿ, ಜೋಳದ ಹೊಲದಲ್ಲಿ ಜೀವಮಾನವೆಲ್ಲ ದುಡಿದ ಮನುಷ್ಯನಿಗೆ ಮಕ್ಕಳು "ಸಾಕು ಮುತ್ಯಾ, ಇನ್ನ ಸುಮ್ನ ಕೂಡು" ಎನ್ನುತ್ತಾರೆ. ಆ ಮಾತಿನಲ್ಲಿರುವುದು ಬರೀ ಪ್ರೀತಿ. ಆದರೆ ಕೂತ ಕಾಲಿನ ಕಸುವು ಕೆಲವೇ ತಿಂಗಳಲ್ಲಿ ಇಳಿದುಹೋಗುತ್ತದೆ. ಮಳೆಗಾಲದಲ್ಲಂತೂ ಎರೆಮಣ್ಣು ಕಾಲಿಗೆ ಅಂಟಿ, ಜಾರಿ, ಮನೆಯಿಂದ ಬಸ್ಸಿನ ದಾರಿಗೆ ಬರುವುದೇ ಕಷ್ಟ. ಅಂಥ ದಿನಗಳಲ್ಲಿ ಒಳಗೇ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೂ ತೊಡೆಯ ಬಲ ಉಳಿಯುತ್ತದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದರ್ಥ, ವೈದ್ಯರಿಗೆ ತೋರಿಸಬೇಕು. ಮೊಬೈಲಿನ ಗಡಿಯಾರ ಹಿಡಿದು ಮೊಮ್ಮಕ್ಕಳೇ ಈ ಪರೀಕ್ಷೆ ಮಾಡಬಹುದು.

ಮನೆಯಿಂದ ರಸ್ತೆಗೆ ಬಂದ ಮೇಲೂ ತೊಡಕು ತಪ್ಪುವುದಿಲ್ಲ. ಜೇವರ್ಗಿ ಹೆದ್ದಾರಿಗಳು ಕೂಡುವ ಊರು. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ತೆಗೆಯಲು ಬ್ಯಾಂಕಿಗೆ ಬಂದ ಹಿರಿಯರು ರಸ್ತೆ ದಾಟಲು ವಾಹನಗಳ ನಡುವೆ ಸಂದಿಗಾಗಿ ಕಾಯುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ದಾರಿಯಲ್ಲಿ ಶೌಚಕ್ಕೆ ಎಲ್ಲಿ ಹೋಗುವುದೆಂಬ ಅಂಜಿಕೆಯಿಂದ ಎಷ್ಟೋ ಅಜ್ಜಿಯರು ನೀರೇ ಕುಡಿಯದೆ ಮನೆ ಬಿಡುತ್ತಾರೆ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ ಬಾಯಾರಿದ ಮೈಗೆ ತಲೆಸುತ್ತು ಬರುತ್ತದೆ, ಸುತ್ತು ಬಂದವರು ಬೀಳುತ್ತಾರೆ, ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುತ್ತಾರೆ. ಅದಕ್ಕೇ ನಿಲ್ದಾಣದಲ್ಲಿ ಚೊಕ್ಕ ಶೌಚಾಲಯ, ಒಳಗೆ ಹಿಡಿದು ಏಳಲು ಒಂದು ಕಂಬಿ, ಹೊರಗೆ ನೆರಳಿನ ಬೆಂಚು, ಕುಡಿಯುವ ನೀರು ಇವಿಷ್ಟನ್ನು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಜನ ಪಟ್ಟುಹಿಡಿದು ಕೇಳಬೇಕು. ಹಿರಿಯರಿಗೆ ನೆರವು, ಮಾಹಿತಿ ಬೇಕಾದರೆ ಸಹಾಯವಾಣಿ 14567 ಇದೆ. ಕರೆಗೆ ದುಡ್ಡು ಬೀಳುವುದಿಲ್ಲ.